ಪಿ53 ವೆಸ್ಟರ್ನ್ ಬ್ಲಾಟ್: ಡಿಓ-1 ಆಂಟಿಬಾಡಿಗೆ ಹೀಲಾ ಲೇನ್ ಖಾಲಿ, ಇಲಿಯ ಗೆಡ್ಡೆಯಲ್ಲಿ ದಪ್ಪ ಬ್ಯಾಂಡ್. ಯಾಕೆ?

ಲೇನ್ ಏಳು (ಪ್ರಶ್ನೆ)

ಮನುಷ್ಯರ ಪಿ53 (ಕ್ಯಾನ್ಸರ್ ತಡೆಯುವ ಪ್ರೋಟೀನು) ನೋಡಲು ಡಿಓ-1 ಬಳಸುತ್ತಿದ್ದೇವೆ. ವೆಸ್ಟರ್ನ್ ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವುದು; ಒಂದೊಂದು ಸ್ಯಾಂಪಲ್ ಓಡುವ ಸಾಲೇ ಲೇನ್. ಇಲಿಯ ಮೊನೊಕ್ಲೋನಲ್ (ಒಂದೇ ಜಾಗ ಹಿಡಿಯುವ ಆಂಟಿಬಾಡಿ), ಐಜಿಜಿ2ಎ ಬಗೆ, ಸ್ಟಾಕ್ ಮಿಲಿಲೀಟರಿಗೆ 200 ಮೈಕ್ರೋಗ್ರಾಂ. ಅರ್ಧ ಲೇನ್‌ಗಳು ಸರಿ ಇವೆ, ಇನ್ನರ್ಧಕ್ಕೆ ತಲೆಬುಡ ತಿಳಿಯುತ್ತಿಲ್ಲ. ಪೂರ್ತಿ ವಿವರ ಹಾಕುತ್ತೇನೆ.

ಲೈಸಿಸ್ ಬಫರ್: 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 150 ಮಿಲಿಮೋಲಾರ್ ಉಪ್ಪು, 1% ಎನ್‌ಪಿ-40, ಪ್ರೋಟಿಯೇಸ್ ಮತ್ತು ಫಾಸ್ಫಟೇಸ್ ಇನ್ಹಿಬಿಟರ್‌ಗಳು. ಪ್ಲೇಟನ್ನು ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ಐಸ್ ಮೇಲೆ 20 ನಿಮಿಷ ಲೈಸಿಸ್, ಆಮೇಲೆ 14,000 ಜಿ-ಯಲ್ಲಿ 15 ನಿಮಿಷ ತಿರುಗಿಸಿ ಮೇಲಿನ ದ್ರವ ಮಾತ್ರ ತೆಗೆದುಕೊಳ್ಳುತ್ತೇವೆ. ಲೇನಿಗೆ 30 ಮೈಕ್ರೋಗ್ರಾಂ, 10% ಜೆಲ್, ಪಿವಿಡಿಎಫ್ ಮೆಂಬ್ರೇನ್, 100 ವೋಲ್ಟ್‌ನಲ್ಲಿ ಒಂದು ಗಂಟೆ ವೆಟ್ ಟ್ರಾನ್ಸ್‌ಫರ್. 5% ಹಾಲಿನಲ್ಲಿ ಬ್ಲಾಕಿಂಗ್, ಡಿಓ-1 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಸೆಕೆಂಡರಿ (ಡಿಓ-1ಗೆ ಅಂಟುವ ಎರಡನೇ ಆಂಟಿಬಾಡಿ) ಆಂಟಿ-ಮೌಸ್ ಎಚ್‌ಆರ್‌ಪಿ 1:5000, ಇಸಿಎಲ್ (ಎಚ್‌ಆರ್‌ಪಿ ಎಂಜೈಮ್ ಇದ್ದಲ್ಲಿ ಬೆಳಕು ಕೊಡುವ ದ್ರಾವಣ).

ಲೇನ್‌ಗಳು ಹೀಗಿವೆ (ಹೀಲಾ, ಎಚ್‌ಸಿಟಿ116, ಎಚ್1299 ಮನುಷ್ಯರ ಕ್ಯಾನ್ಸರ್ ಕೋಶ ಸಾಲುಗಳು, ಎನ್‌ಐಎಚ್ 3ಟಿ3 ಇಲಿಯದು; ಬ್ಯಾಂಡಿನ ಸಂಖ್ಯೆಗಳು ಕಿಲೋಡಾಲ್ಟನ್‌ನಲ್ಲಿ):

1. ಹೀಲಾ, ಪಾಸಿಟಿವ್ ಕಂಟ್ರೋಲ್ ಎಂದು ಹಾಕಿದ್ದು: ಖಾಲಿ
2. ಎಚ್‌ಸಿಟಿ116, ಏನೂ ಹಾಕದ್ದು: ತೆಳು ಬ್ಯಾಂಡ್
3. ಎಚ್‌ಸಿಟಿ116, ನಟ್ಲಿನ್-3ಎ (ಪಿ53 ಉಳಿಯುವಂತೆ ಮಾಡುವ ಔಷಧ) 10 ಮೈಕ್ರೋಮೋಲಾರ್, 8 ಗಂಟೆ: ಗಟ್ಟಿ ಬ್ಯಾಂಡ್, 53ರ ಹತ್ತಿರ
4. ಎಚ್‌ಸಿಟಿ116, ಡಾಕ್ಸೊರುಬಿಸಿನ್ (ಡಿಎನ್‌ಎಗೆ ಪೆಟ್ಟು ಕೊಡುವ ಔಷಧ) 1 ಮೈಕ್ರೋಮೋಲಾರ್, 16 ಗಂಟೆ: 3ನೇ ಲೇನಿನ ಅರ್ಧಕ್ಕಿಂತ ಕಡಿಮೆ, ಆದರೆ ಸೆರಿನ್-15 ಫಾಸ್ಫೋ ಆಂಟಿಬಾಡಿಗೆ (15ನೇ ಸೆರಿನ್‌ಗೆ ಫಾಸ್ಫೇಟ್ ಅಂಟಿದ ಪಿ53ಯನ್ನಷ್ಟೇ ಹಿಡಿಯುವುದು) ಇದೇ ಲೇನ್ ಉರಿಯುತ್ತದೆ
5. ಎಚ್1299: ಖಾಲಿ
6. ನ್ಯೂಡ್ ಇಲಿಯಲ್ಲಿ ಬೆಳೆಸಿದ ಎಚ್‌ಸಿಟಿ116 ಗೆಡ್ಡೆ, ಔಷಧ ಕೊಡದ್ದು: 50–55ರಲ್ಲಿ ಅಗಲವಾದ ಕಪ್ಪು ಬ್ಯಾಂಡ್, 25ರ ಹತ್ತಿರ ಇನ್ನೊಂದು
7. ಎನ್‌ಐಎಚ್ 3ಟಿ3, ಡಾಕ್ಸೊರುಬಿಸಿನ್ ಕೊಟ್ಟದ್ದು: ಖಾಲಿ

ಆಕ್ಟಿನ್ ಎಲ್ಲ ಲೇನ್‌ಗಳಲ್ಲೂ ಸಮನಾಗಿದೆ. ಆಂಟಿಬಾಡಿ ಕೆಟ್ಟಿದೆಯೇ? ಹೊಸ ಲಾಟ್ ತರಿಸಬೇಕೇ? ಗೆಡ್ಡೆಯಲ್ಲಿ ಪಿ53 ನಿಜಕ್ಕೂ ಅಷ್ಟು ಏರಿದೆ ಎಂದು ಬರೆಯಬಹುದೇ?

ಬಫರ್ ಭಟ್ಟ

ಮೊನೊಕ್ಲೋನಲ್ ಬಿಟ್ಟು ಒಳ್ಳೆ ಮೊಲದ ಪಾಲಿಕ್ಲೋನಲ್ ಒಂದು ತರಿಸಿ. ಹಲವು ಎಪಿಟೋಪ್ (ಪ್ರೋಟೀನಿನಲ್ಲಿ ಆಂಟಿಬಾಡಿ ಕೂರುವ ಜಾಗ) ಹಿಡಿಯುತ್ತದೆ, ಇಂಥ ರಗಳೆ ಇರಲ್ಲ.

ಎಪಿಟೋಪಯ್ಯ

ಭಟ್ಟರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಏಳರಲ್ಲಿ ಐದು ಲೇನ್‌ಗಳು ಡಿಓ-1 ಹೇಗೆ ಕಾಣಬೇಕೋ ಹಾಗೇ ಇವೆ. ಆರನೆಯದು ಆಂಟಿಬಾಡಿಯ ದೋಷವಲ್ಲ, ಸೆಕೆಂಡರಿಯ ಕೆಲಸ. ನಾಲ್ಕನೆಯದೊಂದೇ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು.

ಮೊದಲು ಈ ಆಂಟಿಬಾಡಿ ಎಲ್ಲಿ ಕೂರುತ್ತದೆ ಎನ್ನುವುದು. ಪಿ53 ಒಟ್ಟು 393 ಅಮೈನೋ ಆಮ್ಲ. ಲೆಕ್ಕದ ತೂಕ 43.7 ಕಿಲೋಡಾಲ್ಟನ್ನೇ ಆದರೂ ಪ್ರೋಲಿನ್ ತುಂಬಿದ ಭಾಗದಿಂದಾಗಿ ಜೆಲ್‌ನಲ್ಲಿ 53ರಲ್ಲಿ ಓಡುತ್ತದೆ. ಡಿಓ-1 ಹಿಡಿಯುವುದು ಎನ್-ತುದಿಯ 20ರಿಂದ 25ರವರೆಗಿನ ಆರು ಅಮೈನೋ ಆಮ್ಲಗಳನ್ನು: ಸೆರಿನ್, ಆಸ್ಪಾರ್ಟೇಟ್, ಲ್ಯೂಸಿನ್, ಟ್ರಿಪ್ಟೋಫ್ಯಾನ್, ಲೈಸಿನ್, ಲ್ಯೂಸಿನ್. ಪಿ53ಯನ್ನು ನಾಶಕ್ಕೆ ಕಳಿಸುವ ಲೈಗೇಸ್ ಎಂಡಿಎಂ2 ಬಂದು ಕೂರುವ ಜಾಗವೂ ಇದೇ. ಈ ಆರು ಅಕ್ಷರ ಗೋಡೆಗೆ ಅಂಟಿಸಿಟ್ಟುಕೊಳ್ಳಿ, ಮುಂದಿನ ಅರ್ಧ ಉತ್ತರ ಅದರಲ್ಲೇ ಇದೆ.

7ನೇ ಲೇನ್: ಇಲಿಯ ಪಿ53ರಲ್ಲಿ ಇದೇ ಜಾಗದಲ್ಲಿ ಆಸ್ಪಾರ್ಟೇಟ್ ಬದಲು ಗ್ಲೈಸಿನ್ ಇದೆ. ಅಷ್ಟೇ ಸಾಕು, ಡಿಓ-1 ಹಿಡಿಯುವುದಿಲ್ಲ. 3ಟಿ3 ಖಾಲಿ ಇರಬೇಕಾದ್ದೇ. ಇಲಿಯ ಪಿ53 ಬೇಕಾದರೆ ಸಿಎಂ5 ಎಂಬ ಮೊಲದ ಪಾಲಿಕ್ಲೋನಲ್ ಬಳಸಿ. ಪಿಎಬಿ240, ಪಿಎಬಿ421 ಎರಡೂ ಪ್ರಾಣಿಗಳದನ್ನು ಹಿಡಿಯುತ್ತವೆ. ಆದರೆ ನಿಮ್ಮ ಗೆಡ್ಡೆಯ ಕೆಲಸಕ್ಕೆ ಅವು ಬೇಡ, ಯಾಕೆಂದರೆ ಇಲಿಯ ಸ್ಟ್ರೋಮಾದ (ಗೆಡ್ಡೆಯೊಳಗಿನ ಇಲಿಯದೇ ಆಧಾರ ಅಂಗಾಂಶದ) ಪಿ53 ಮತ್ತು ಮನುಷ್ಯರ ಕೋಶದ ಪಿ53 ಒಂದೇ ಬ್ಯಾಂಡಿನಲ್ಲಿ ಬೆರೆತುಹೋಗುತ್ತವೆ. ಜೆನೋಗ್ರಾಫ್ಟ್‌ಗೆ (ಇಲಿಯಲ್ಲಿ ಬೆಳೆಸಿದ ಮನುಷ್ಯರ ಗೆಡ್ಡೆಗೆ) ಡಿಓ-1ರ ಮನುಷ್ಯಪಕ್ಷಪಾತವೇ ವರ. ಭಟ್ಟರು ಹೇಳಿದ ಪಾಲಿಕ್ಲೋನಲ್ ತಂದರೆ ಆ ಅನುಕೂಲ ಕೈಬಿಟ್ಟು ಹೋಗುತ್ತದೆ.

1ನೇ ಲೇನ್: ಹೀಲಾ ಪಿ53ಗೆ ಪಾಸಿಟಿವ್ ಕಂಟ್ರೋಲ್ ಅಲ್ಲ. ಅದರ ಟಿಪಿ53 ಜೀನ್‌ನಲ್ಲಿ ದೋಷವಿಲ್ಲ, ಪ್ರೋಟೀನು ತಯಾರಾಗುತ್ತದೆ. ಆದರೆ ಆ ಕೋಶಗಳಲ್ಲಿ ಎಚ್‌ಪಿವಿ-18 ವೈರಸ್ಸಿನ ಇ6 ಇದೆ. ಅದು ಇ6ಎಪಿ ಎಂಬ ಯುಬಿಕ್ವಿಟಿನ್ ಲೈಗೇಸನ್ನು ಕರೆತಂದು ಪಿ53ಯನ್ನು ಪ್ರೋಟೀನು ಒಡೆಯುವ ಪ್ರೋಟಿಯಸೋಮಿಗೆ ತಳ್ಳುತ್ತದೆ. ಹಾಗಾಗಿ ಅಲ್ಲಿ ನಟ್ಲಿನ್ ಹಾಕಿದರೂ ದೊಡ್ಡ ಪ್ರಯೋಜನವಿಲ್ಲ. ನಟ್ಲಿನ್ ತಡೆಯುವುದು ಎಂಡಿಎಂ2ವನ್ನು, ಇಲ್ಲಿ ಕೆಲಸ ಮಾಡುತ್ತಿರುವುದು ಬೇರೆ ಲೈಗೇಸ್. ಪ್ರೋಟಿಯಸೋಮನ್ನು ತಡೆಯುವ ಎಂಜಿ132 10 ಮೈಕ್ರೋಮೋಲಾರ್ 4 ಗಂಟೆ ಕೊಟ್ಟರೆ ಹೀಲಾದಲ್ಲೂ ಬ್ಯಾಂಡ್ ಕಾಣುತ್ತದೆ. ಆಕ್ಟಿನ್‌ಗೆ, ಟ್ಯೂಬುಲಿನ್‌ಗೆ ಹೀಲಾ ಹಾಕುವ ಅಭ್ಯಾಸವನ್ನೇ ಪಿ53ಗೂ ಎಳೆದು ತರುವವರು ಬಹಳ ಜನ.

ಪಾಸಿಟಿವ್‌ಗೆ ಮ್ಯೂಟೆಂಟ್ ಪಿ53 ಗುಡ್ಡೆಬಿದ್ದಿರುವ ಸಾಲು ಆರಿಸಿ: ಎಂಡಿಎ-ಎಂಬಿ-468, ಎ431, ಎಚ್‌ಟಿ-29 ಮೂರರಲ್ಲೂ ಆರ್273ಎಚ್, ಎಸ್‌ಕೆ-ಬಿಆರ್-3ಯಲ್ಲಿ ಆರ್175ಎಚ್. ಇವುಗಳಲ್ಲಿ ಔಷಧವೇ ಬೇಡ. ಆದರೆ 30 ಮೈಕ್ರೋಗ್ರಾಂ ಸುರಿಯಬೇಡಿ, 5 ಸಾಕು. ಹೆಚ್ಚಾದರೆ ಅಲ್ಲಿನ ಎಚ್‌ಆರ್‌ಪಿ ಇಸಿಎಲ್ ದ್ರಾವಣವನ್ನು ಕ್ಷಣದಲ್ಲಿ ತಿಂದು ಮುಗಿಸಿ ಬ್ಯಾಂಡಿನ ನಡುಭಾಗ ಬೆಳ್ಳಗಾಗುತ್ತದೆ, ಪಕ್ಕದ ಲೇನ್‌ಗೂ ಮಸುಕು ಹಬ್ಬುತ್ತದೆ. 293ಟಿ ಕೂಡ ಬಳಸಬಹುದು; ಅದರಲ್ಲಿ ಎಸ್‌ವಿ40 ಲಾರ್ಜ್ ಟಿ ಪಿ53ಯನ್ನು ಹಿಡಿದು ನಿಲ್ಲಿಸಿರುತ್ತದೆ.

5ನೇ ಲೇನ್ ಎಚ್1299 ಒಳ್ಳೆಯ ಆಯ್ಕೆ. ಅಲ್ಲಿ ಜೀನೇ ತುಂಡಾಗಿದೆ. ಸಾವೋಸ್-2 ಕೂಡ ಹಾಗೇ. ಒಂದು ಎಚ್ಚರಿಕೆ: ಕ್ರಿಸ್ಪರ್‌ನಲ್ಲಿ ಎಕ್ಸಾನ್ 2 ಕೆಡಿಸಿ ಮಾಡಿದ ನಾಕ್ಔಟ್‌ಗೆ ಡಿಓ-1 ಒಂದನ್ನೇ ನಂಬಬೇಡಿ. ಮೊದಲ ಮೆಥಿಯೊನಿನ್ ಕೆಟ್ಟರೂ ಕೋಶ 40ನೇ ಮೆಥಿಯೊನಿನ್‌ನಿಂದ ಅನುವಾದ ಶುರು ಮಾಡಬಹುದು. ಹಾಗೆ ಬರುವ ಗಿಡ್ಡ ಪಿ53ಗೆ 20–25ರ ತುಂಡೇ ಇರುವುದಿಲ್ಲ. ಬ್ಲಾಟ್ ಖಾಲಿ, ಕೋಶದಲ್ಲಿ ಪ್ರೋಟೀನು ಹಾಯಾಗಿದೆ. 133ರಿಂದ ಶುರುವಾಗುವ ರೂಪಕ್ಕೂ ಇದೇ ಮಾತು. ನಾಕ್ಔಟ್ ದೃಢಪಡಿಸಲು ನಡುಭಾಗದ ಡಿಓ-12 (256–270) ಅಥವಾ ಸಿ-ತುದಿಯ ಒಂದು ಆಂಟಿಬಾಡಿ ಜೊತೆಗಿರಲಿ.

ಇನ್ನು 4. ಮೂರು ಕಾರಣ ಇರಬಹುದು, ನಿಮ್ಮ ವಿವರದಲ್ಲಿ ಮೂರಕ್ಕೂ ಜಾಗವಿದೆ.

ಒಂದು, ಅರ್ಧ ಪಿ53ಯನ್ನು ನೀವೇ ಪೆಲ್ಲೆಟ್ ಜೊತೆ ಎಸೆಯುತ್ತಿದ್ದೀರಿ. ಡಿಎನ್‌ಎ ಪೆಟ್ಟು ತಿಂದ ಕೋಶದಲ್ಲಿ ಪಿ53 ಕ್ರೊಮ್ಯಾಟಿನ್‌ಗೆ ಅಂಟಿರುತ್ತದೆ. 150 ಮಿಲಿಮೋಲಾರ್ ಉಪ್ಪು ಮತ್ತು ಬರೀ ಎನ್‌ಪಿ-40 ಅದನ್ನು ಪೂರ್ತಿ ಬಿಡಿಸುವುದಿಲ್ಲ. ಪೆಲ್ಲೆಟ್ಟನ್ನು ಒಂದು ಸಲ ಲೆಮ್ಲಿ ಬಫರಿನಲ್ಲಿ ಕುದಿಸಿ ಸೋನಿಕೇಟ್ ಮಾಡಿ ಪಕ್ಕದ ಲೇನಿಗೆ ಹಾಕಿ ನೋಡಿ, ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ.

ಎರಡು, ತೇಲುವ ಕೋಶಗಳು. 16 ಗಂಟೆಯಲ್ಲಿ ಎಚ್‌ಸಿಟಿ116ರ ಒಂದಷ್ಟು ಪಾಲು ಎದ್ದು ಮೀಡಿಯಾದಲ್ಲಿರುತ್ತದೆ. ಹೆಚ್ಚು ಪೆಟ್ಟು ತಿಂದವು ಅವೇ. ಪ್ಲೇಟ್ ತೊಳೆದಾಗ ಅವೂ ಸಿಂಕಿಗೆ ಹೋದವು. ಮೀಡಿಯಾ ಮತ್ತು ತೊಳೆದ ಪಿಬಿಎಸ್ ಎರಡನ್ನೂ 300 ಜಿ-ಯಲ್ಲಿ 5 ನಿಮಿಷ ತಿರುಗಿಸಿ, ಆ ಪೆಲ್ಲೆಟ್ಟನ್ನು ಲೈಸೇಟಿಗೆ ಸೇರಿಸಿ.

ಮೂರನೆಯದು ಸ್ವಾರಸ್ಯ. ಸೆರಿನ್-20 ಡಿಓ-1ರ ಎಪಿಟೋಪಿನ ಮೊದಲ ಅಕ್ಷರ. ಡಿಎನ್‌ಎ ಡ್ಯಾಮೇಜ್ ಆದಾಗ ಅದಕ್ಕೆ ಫಾಸ್ಫೇಟ್ ಅಂಟುತ್ತದೆ, ಅಂಟಿದ ಅಣುವನ್ನು ಡಿಓ-1 ಸರಿಯಾಗಿ ಹಿಡಿಯುವುದಿಲ್ಲ. ನಟ್ಲಿನ್ ಹಾಗಲ್ಲ, ಎಂಡಿಎಂ2ವಿನ ಗೂಡಿಗೆ ಹೋಗಿ ಕೂತು ಪಿ53 ಉಳಿಯುವ ಹಾಗೆ ಮಾಡುತ್ತದೆ, ಫಾಸ್ಫೇಟಿನ ಗೊಡವೆ ಇಲ್ಲ. ಅಂದರೆ ಈ ಎರಡು ಲೇನ್‌ಗಳನ್ನು ಡಿಓ-1 ಒಂದರಿಂದಲೇ ಅಳೆದು ‘ನಟ್ಲಿನ್ ಹೆಚ್ಚು, ಡಾಕ್ಸೊ ಕಡಿಮೆ’ ಎಂದು ಬಾರ್ ಗ್ರಾಫ್ ಹಾಕುವುದು ಸರಿಯಲ್ಲ. ಎಲ್ಲ ಅಣುಗಳೂ ಸೆರಿನ್-20ರಲ್ಲಿ ಫಾಸ್ಫೇಟ್ ಹೊತ್ತಿರುವುದಿಲ್ಲವಾದ್ದರಿಂದ ಲೇನ್ ಪೂರ್ತಿ ಖಾಲಿಯಾಗದು, ಕುಗ್ಗುತ್ತದೆ. ನೀವು ನೋಡುತ್ತಿರುವುದೂ ಅದನ್ನೇ ಇರಬಹುದು. ಅದೇ ಲೈಸೇಟನ್ನು ಡಿಓ-12ರಲ್ಲಿ ನೋಡಿದಾಗ 3 ಮತ್ತು 4 ಹತ್ತಿರ ಹತ್ತಿರ ಬಂದರೆ ಅನುಮಾನ ಗಟ್ಟಿಯಾಗುತ್ತದೆ.

ನನಗೆ ಕೇಳಿದರೆ ಮೊದಲ ಕಾರಣದ ಪಾಲೇ ದೊಡ್ಡದು.

ಲೈಸಿಸ್ ಬದಲಿಸುವ ಬಗೆ: 1% ಎಸ್‌ಡಿಎಸ್, 10 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 95 ಡಿಗ್ರಿಗೆ ಕಾಯಿಸಿ, 6 ಸೆಂಟಿಮೀಟರ್ ಡಿಶ್ಶಿಗೆ 200 ಮೈಕ್ರೋಲೀಟರ್ ನೇರ ಸುರಿದು ಕೆರೆಯಿರಿ. ತೇಲುಕೋಶದ ಪೆಲ್ಲೆಟ್ಟನ್ನೂ ಇದರಲ್ಲೇ ಕರಗಿಸಿ. 5 ನಿಮಿಷ ಕುದಿಸಿ, ಸೋನಿಕೇಟರ್‌ನಲ್ಲಿ 10 ಸೆಕೆಂಡಿನ ಮೂರು ಸುತ್ತು. ಸ್ಯಾಂಪಲ್ ಇನ್ನೂ ಪಿಪೆಟ್ ತುದಿಯಿಂದ ನೂಲಿನಂತೆ ಇಳಿಯುತ್ತಿದ್ದರೆ ಡಿಎನ್‌ಎ ತುಂಡಾಗಿಲ್ಲ, ಇನ್ನೊಂದು ಸುತ್ತು ಕೊಡಿ. ಹಾಗೇ ಜೆಲ್ಲಿಗೆ ಹಾಕಿದರೆ ಬಾವಿಯಿಂದ ಎದ್ದು ಪಕ್ಕಕ್ಕೆ ಹೋಗುತ್ತದೆ. ಪ್ರೋಟೀನ್ ಅಳತೆ ಬಿಸಿಎಯಲ್ಲೇ ಮಾಡಿ. ಬ್ರಾಡ್‌ಫರ್ಡ್‌ಗೆ 1% ಎಸ್‌ಡಿಎಸ್ ಆಗಿಬರುವುದಿಲ್ಲ.

ಇನ್ನೊಂದು ಮಾತು, ಅವಧಿ. ಪೆಟ್ಟಿಲ್ಲದ ಕೋಶದಲ್ಲಿ ಪಿ53ರ ಅರ್ಧಾಯುಷ್ಯ 20 ನಿಮಿಷದ ಆಸುಪಾಸು. ನಟ್ಲಿನ್ ಇರುವ ಮೀಡಿಯಾ ತೆಗೆದು ತೊಳೆದು, ಫೋನ್ ಮುಗಿಸಿ ಬಂದು ಲೈಸಿಸ್ ಮಾಡಿದರೆ ಎಂಡಿಎಂ2 ಅಷ್ಟರಲ್ಲೇ ಕೆಲಸ ಶುರು ಹಚ್ಚಿರುತ್ತದೆ, ಅದೂ ನಟ್ಲಿನ್‌ನಿಂದಾಗಿಯೇ ಎಂಡಿಎಂ2 ಪ್ರಮಾಣ ಏರಿರುವಾಗ. ತಣ್ಣನೆಯ ಪಿಬಿಎಸ್, ಒಂದೊಂದೇ ಪ್ಲೇಟು, ತಕ್ಷಣ ಲೈಸಿಸ್.

ಮೈಕ್ರೋಟೋಮ್

6ನೇ ಲೇನ್ ಬಗ್ಗೆ ನಾನು ಬರೆಯುತ್ತೇನೆ. ಅದು ಪಿ53 ಅಲ್ಲ, ಅಥವಾ ಬಹುಪಾಲು ಅಲ್ಲ. ಇಲಿಯ ರಕ್ತದಲ್ಲಿ ತಾನಾಗಿ ಇರುವ ಆಂಟಿಬಾಡಿ, ಐಜಿಜಿ.

ಗೆಡ್ಡೆಯನ್ನು ಅರೆದಾಗ ಅದರೊಳಗಿನ ರಕ್ತವೂ ಅರೆದುಹೋಗುತ್ತದೆ. ಸ್ಯಾಂಪಲ್ ಬಫರಿನ ಮರ್ಕಾಪ್ಟೊಎಥನಾಲ್ ಐಜಿಜಿಯನ್ನು ಭಾರದ ಸರಪಳಿ 50, ಹಗುರ ಸರಪಳಿ 25 ಕಿಲೋಡಾಲ್ಟನ್ ಎಂದು ಬಿಡಿಸುತ್ತದೆ. ನಿಮ್ಮ ಆಂಟಿ-ಮೌಸ್ ಸೆಕೆಂಡರಿಗೆ ಡಿಓ-1 ಯಾವುದು, ಆ ಇಲಿಯದೇ ಐಜಿಜಿ ಯಾವುದು ಎಂದು ಗೊತ್ತಾಗುವುದಿಲ್ಲ, ಎರಡನ್ನೂ ಹಿಡಿಯುತ್ತದೆ. 50 ಮತ್ತು 25 ಜೋಡಿಯಾಗಿ ಬಂದರೆ ಬೇರೇನೂ ಯೋಚಿಸಬೇಕಿಲ್ಲ. ದುರದೃಷ್ಟಕ್ಕೆ ಪಿ53 ಓಡುವುದು ಭಾರದ ಸರಪಳಿಯ ನೆತ್ತಿಯ ಮೇಲೇ. ನ್ಯೂಡ್ ಇಲಿಗೆ ಥೈಮಸ್ ಇಲ್ಲ, ಟಿ ಕೋಶ ಇಲ್ಲ, ಆದರೆ ಬಿ ಕೋಶಗಳಿವೆ. ಹಾಗಾಗಿ ಐಜಿಜಿ ಕಡಿಮೆಯಾದರೂ ಇರುತ್ತದೆ. ಎನ್‌ಎಸ್‌ಜಿ ಇಲಿಯಲ್ಲಿ ಬಿ ಕೋಶವೂ ಇಲ್ಲ, ಅದರ ಗೆಡ್ಡೆಯಲ್ಲಿ ಈ ಬ್ಯಾಂಡ್ ಕಾಣುವುದೇ ಅಪರೂಪ.

ತರ್ಕಕ್ಕೂ ಹೊಂದುವುದಿಲ್ಲ, ನೋಡಿ: ಪ್ಲೇಟಿನಲ್ಲಿ ಔಷಧವಿಲ್ಲದ ಎಚ್‌ಸಿಟಿ116 ತೆಳು ಬ್ಯಾಂಡ್ ಕೊಡುತ್ತದೆ, ಅದೇ ಕೋಶ ಔಷಧವಿಲ್ಲದೆ ಗೆಡ್ಡೆಯಲ್ಲಿ ನಟ್ಲಿನ್ ಲೇನನ್ನೂ ಮೀರಿಸುತ್ತದೆಯೇ? ಗೆಡ್ಡೆಯ ಒಳಗೆ ಆಮ್ಲಜನಕದ ಕೊರತೆಯಿಂದ ಸ್ವಲ್ಪ ಏರಬಹುದು, ಇಷ್ಟಲ್ಲ. ಈ ಬ್ಲಾಟ್ ಇಟ್ಟುಕೊಂಡು ‘ಏರಿದೆ’ ಎಂದು ಬರೆಯಬೇಡಿ.

ಪರೀಕ್ಷೆ ಸುಲಭ. ಅದೇ ಗೆಡ್ಡೆಯ ಲೈಸೇಟನ್ನು ಇನ್ನೊಂದು ಮೆಂಬ್ರೇನ್ ತುಂಡಿಗೆ ಹಾಕಿ, ಡಿಓ-1 ಕೊಡದೆ ಸೆಕೆಂಡರಿ ಮಾತ್ರ ಕೊಡಿ. ಬ್ಯಾಂಡ್ ಹಾಗೇ ಬಂದರೆ ಅದು ಐಜಿಜಿ. ಇಲಿಯಲ್ಲಿ ಬೆಳೆಸಿದ ಯಾವ ಸ್ಯಾಂಪಲ್ಲಿಗೂ ಈ ತುಂಡು ಪ್ರತಿ ಸಲ ಇರಬೇಕು.

ಪರಿಹಾರಗಳಲ್ಲಿ ನನಗೆ ಮೆಚ್ಚಿನದು ಎಚ್‌ಆರ್‌ಪಿ ನೇರವಾಗಿ ಜೋಡಿಸಿದ ಡಿಓ-1. ಸೆಕೆಂಡರಿಯೇ ಇಲ್ಲ, ಗೊಂದಲವೇ ಇಲ್ಲ, ಮನುಷ್ಯರದ್ದನ್ನು ಮಾತ್ರ ಹಿಡಿಯುವ ಗುಣವೂ ಉಳಿಯುತ್ತದೆ. ಸೆಕೆಂಡರಿ ಕೊಡುತ್ತಿದ್ದ ವರ್ಧನೆ ಹೋಗುವುದರಿಂದ ಸಿಗ್ನಲ್ ಕುಗ್ಗುತ್ತದೆ; 40 ಮೈಕ್ರೋಗ್ರಾಂ ಲೋಡ್ ಮಾಡಿ, ಹೆಚ್ಚು ಸೂಕ್ಷ್ಮದ ಇಸಿಎಲ್ ಬಳಸಿ.

ಎರಡನೆಯ ದಾರಿ ಹಗುರ ಸರಪಳಿಯನ್ನಷ್ಟೇ ಹಿಡಿಯುವ ಸೆಕೆಂಡರಿ. ಆಗ 25ರ ಬ್ಯಾಂಡ್ ಇರುತ್ತದೆ, 50ರ ಜಾಗ ಚೊಕ್ಕಟ. ಇರುವ ಡಿಓ-1 ಸೀಸೆಯಲ್ಲೇ ಕೆಲಸ ನಡೆಯುತ್ತದೆ, ಖರ್ಚೂ ಕಡಿಮೆ. ಆದರೆ ಅದೇ ತುಂಡಿನಲ್ಲಿ ಪಿ21 (ಪಿ53 ಕೆಲಸ ಮಾಡಿದಾಗ ಏರುವ ಪ್ರೋಟೀನು) ನೋಡುವ ಯೋಚನೆ ಇದ್ದರೆ 25ರ ಕಪ್ಪು ಕಲೆ ಅಡ್ಡ ಬರುತ್ತದೆ. ಐಜಿಜಿ2ಎ ಮಾತ್ರ ಹಿಡಿಯುವ ಸೆಕೆಂಡರಿ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲಿಯ ರಕ್ತದಲ್ಲೂ ಐಜಿಜಿ2ಎ ಇದೆ ಸ್ವಾಮಿ, ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಲೈಸೇಟಿನಿಂದ ಐಜಿಜಿಯನ್ನೇ ತೆಗೆಯಬಹುದು: 200 ಮೈಕ್ರೋಗ್ರಾಂ ಪ್ರೋಟೀನಿಗೆ 30 ಮೈಕ್ರೋಲೀಟರ್ ಪ್ರೋಟೀನ್ ಜಿ ಮಣಿ, 4 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಿ ಮಣಿ ಬಿಟ್ಟು ದ್ರವ ತೆಗೆಯಿರಿ. ಪ್ರೋಟೀನ್ ಎ ಬೇಡ, ಇಲಿಯ ಐಜಿಜಿ1ನ್ನು ಅದು ಸಡಿಲವಾಗಿ ಹಿಡಿಯುತ್ತದೆ. ಇದಕ್ಕೆ ಲೈಸೇಟ್ ಕುದಿಸದೇ ಇರಬೇಕು, ಅಂದರೆ ಎಪಿಟೋಪಯ್ಯನವರ ಬಿಸಿ ಎಸ್‌ಡಿಎಸ್ ಇಲ್ಲಿ ನಡೆಯದು. ಗೆಡ್ಡೆ ತೆಗೆಯುವ ಮುನ್ನ ಹೃದಯದ ಎಡಕೋಣೆಯಿಂದ 20 ಮಿಲಿಲೀಟರ್ ಹೆಪಾರಿನ್ ಪಿಬಿಎಸ್ ಹರಿಸಿದರೆ ರಕ್ತನಾಳದ ಐಜಿಜಿ ಹೋಗುತ್ತದೆ, ಅಂಗಾಂಶಕ್ಕೆ ಸೋರಿದ್ದು ಹಾಗೇ ಇರುತ್ತದೆ.

ಗೆಡ್ಡೆಯ ನಡುಭಾಗ ಸತ್ತು ಮೆತ್ತಗಾಗಿದ್ದರೆ ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ಬಿಸಾಡಿ, ಗಟ್ಟಿ ಅಂಚನ್ನು ಮಾತ್ರ ಅರೆಯಿರಿ. ಸತ್ತ ಭಾಗದ ಪ್ರೋಟಿಯೇಸ್‌ಗಳು ಪಿ53ಯನ್ನು ಕತ್ತರಿಸಿ 40, 35ರಲ್ಲಿ ತುಂಡುಬ್ಯಾಂಡ್ ಕೊಡುತ್ತವೆ. ಡಿಓ-1 ಎನ್-ತುದಿ ಹಿಡಿಯುವುದರಿಂದ ಆ ಕೆಳಬ್ಯಾಂಡ್‌ಗಳು ಸಿ-ತುದಿ ಕಳೆದುಕೊಂಡವು. ಅವನ್ನು ನೋಡಿ ‘ಡೆಲ್ಟಾ 133 ಐಸೋಫಾರ್ಮ್ ಸಿಕ್ಕಿತು’ ಎಂದು ಸಂಭ್ರಮಿಸುವಂತಿಲ್ಲ; ಆ ರೂಪ ಡಿಓ-1ಗೆ ಕಾಣುವುದೇ ಇಲ್ಲ. ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ ಬಳಸುವುದಾದರೆ 1 ಮಿಲಿಮೋಲಾರ್, ಅರೆಯುವ ಕ್ಷಣದಲ್ಲೇ ಹಾಕಿ. ನೀರಿಗೆ ಬಿದ್ದ ಮೇಲೆ ಅದು ಹೆಚ್ಚು ಹೊತ್ತು ಬಾಳುವುದಿಲ್ಲ. ಬೆಳಿಗ್ಗೆ ಬಫರಿಗೆ ಬೆರೆಸಿ ಮಧ್ಯಾಹ್ನ ಬಳಸಿದರೆ ಹಾಕಿಯೂ ಹಾಕದ ಹಾಗೆ.

ಲೇನ್ ಏಳು

ಇಬ್ಬರಿಗೂ ಧನ್ಯವಾದ. ಇವತ್ತು ಎರಡು ಪರೀಕ್ಷೆ ಮಾಡಿದೆವು. ಸೆಕೆಂಡರಿ ಮಾತ್ರ ಕೊಟ್ಟ ತುಂಡಿನಲ್ಲಿ ಗೆಡ್ಡೆಯ 50 ಮತ್ತು 25 ಎರಡೂ ಹಾಗೇ ಬಂದವು. ಎನ್‌ಪಿ-40 ಪೆಲ್ಲೆಟ್ ಕುದಿಸಿ ಹಾಕಿದ್ದರಲ್ಲಿ ಡಾಕ್ಸೊ ಲೇನಿಗೆ ಚೆನ್ನಾಗಿಯೇ ಪಿ53 ಇದೆ, ನಟ್ಲಿನ್ ಲೇನಿಗೆ ಅಷ್ಟಿಲ್ಲ. ಆದರೆ ಎರಡೂ ಭಾಗ ಕೂಡಿದರೂ ಡಾಕ್ಸೊ ಸ್ವಲ್ಪ ಹಿಂದೆಯೇ ಇದೆ. ಸೆರಿನ್-20ರ ಮಾತನ್ನು ಫಾಸ್ಫಟೇಸ್ ಹಾಕಿ ಪರೀಕ್ಷಿಸಬಹುದೇ? ಬಿಸಿ ಎಸ್‌ಡಿಎಸ್ ಲೈಸೇಟಿನಲ್ಲಿ ಎಂಜೈಮ್ ಸತ್ತೇಹೋಗುತ್ತದಲ್ಲ? ಹಾಲಿನ ಬದಲು ಬಿಎಸ್‌ಎ ಬೇಕೇ, ಆಂಟಿಬಾಡಿ ಮರುಬಳಕೆ ಮಾಡಬಹುದೇ ಎನ್ನುವುದನ್ನೂ ಹೇಳಿ.

ಎಪಿಟೋಪಯ್ಯ

ಸಾಯುತ್ತದೆ. ಹಾಗಾಗಿ ಲೈಸೇಟಿಗಲ್ಲ, ಮೆಂಬ್ರೇನಿಗೆ ಫಾಸ್ಫಟೇಸ್ ಹಾಕಿ. ಟ್ರಾನ್ಸ್‌ಫರ್ ಆದ ಮೇಲೆ ಎಸ್‌ಡಿಎಸ್ ತೊಳೆದುಹೋಗಿರುತ್ತದೆ, ಕ್ರೊಮ್ಯಾಟಿನ್ ಭಾಗವೂ ಸ್ಯಾಂಪಲ್ಲಿನಲ್ಲಿ ಉಳಿದಿರುತ್ತದೆ.

ಒಂದೇ ಜೆಲ್‌ನಲ್ಲಿ 2, 3, 4ನೇ ಸ್ಯಾಂಪಲ್‌ಗಳನ್ನು ಎರಡು ಸಲ ಓಡಿಸಿ, ನಡುವೆ ಒಂದು ಮಾರ್ಕರ್. ಟ್ರಾನ್ಸ್‌ಫರ್ ಆದ ಮೇಲೆ ಮಾರ್ಕರ್ ಗೆರೆಯಲ್ಲಿ ಎರಡು ತುಂಡು ಮಾಡಿ. ಎರಡನ್ನೂ 2% ಬಿಎಸ್‌ಎಯಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ. ಇಲ್ಲಿ ಹಾಲು ಬೇಡವೇ ಬೇಡ: ಹಾಲಿನ ಕೇಸಿನ್ ಮೈತುಂಬ ಫಾಸ್ಫೇಟ್ ಹೊತ್ತ ಪ್ರೋಟೀನು, ಎಂಜೈಮು ಪಿ53 ಬಿಟ್ಟು ಅದನ್ನೇ ಮೇಯುತ್ತ ಕೂರುತ್ತದೆ. ಒಂದು ತುಂಡಿಗೆ ಟಿಬಿಎಸ್, 2% ಬಿಎಸ್‌ಎ, 0.1% ಟ್ರೈಟನ್, 2 ಮಿಲಿಮೋಲಾರ್ ಮ್ಯಾಂಗನೀಸ್ ಕ್ಲೋರೈಡ್ ಮತ್ತು ಮಿಲಿಲೀಟರಿಗೆ 400 ಯೂನಿಟ್ ಲ್ಯಾಂಬ್ಡಾ ಫಾಸ್ಫಟೇಸ್. ಇನ್ನೊಂದಕ್ಕೆ ಅದೇ ದ್ರಾವಣ, ಎಂಜೈಮ್ ಇಲ್ಲದೆ. 37 ಡಿಗ್ರಿಯಲ್ಲಿ 4 ಗಂಟೆ, ನಿಧಾನ ಅಲುಗಾಟ. ತುಂಡನ್ನು ಚಿಕ್ಕದಾಗಿ ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿದರೆ 2 ಮಿಲಿಲೀಟರ್ ಸಾಕು, ಎಂಜೈಮ್ ದುಬಾರಿ. ಇಡಿಟಿಎ ಎಲ್ಲೂ ಇರಬಾರದು, ಮ್ಯಾಂಗನೀಸನ್ನು ಹಿಡಿದುಬಿಡುತ್ತದೆ. ಫಾಸ್ಫೇಟ್ ಇರುವ ಪಿಬಿಎಸ್ ಕೂಡ ಬೇಡ.

ಆಮೇಲೆ ಟಿಬಿಎಸ್‌ಟಿಯಲ್ಲಿ ಚೆನ್ನಾಗಿ ತೊಳೆದು ಎರಡಕ್ಕೂ ಒಂದೇ ಡಬ್ಬದಲ್ಲಿ ಡಿಓ-1 ಕೊಟ್ಟು, ಒಂದೇ ಎಕ್ಸ್‌ಪೋಷರ್‌ನಲ್ಲಿ ಫೋಟೊ ತೆಗೆಯಿರಿ. ಎಂಜೈಮ್ ತುಂಡಿನಲ್ಲಿ ಡಾಕ್ಸೊ ಲೇನ್ ಏರಿ ನಟ್ಲಿನ್ ಲೇನ್ ಹಾಗೇ ಇದ್ದರೆ ಮರೆಮಾಚಿದ್ದು ಫಾಸ್ಫೇಟೇ. ಎಂಜೈಮ್ ಕೆಲಸ ಮಾಡಿತೇ ಎನ್ನಲು ಇನ್ನೊಂದು ಜೋಡಿ ತುಂಡಿಗೆ ಸೆರಿನ್-15 ಫಾಸ್ಫೋ ಆಂಟಿಬಾಡಿ ಕೊಡಿ, ಅಲ್ಲಿ ಸಿಗ್ನಲ್ ಅಳಿಯಬೇಕು. ಅದು ಅಳಿಯದಿದ್ದರೆ ಡಿಓ-1 ತುಂಡಿನಿಂದ ಯಾವ ತೀರ್ಮಾನವನ್ನೂ ಎಳೆಯುವಂತಿಲ್ಲ.

ಪಿಎಬಿ421 ಹೋಲಿಕೆಗೆ ಬಳಸುವ ಆಸೆ ಆಗಬಹುದು, ಬೇಡ. ಅದು 371–380 ಹಿಡಿಯುತ್ತದೆ. ಡ್ಯಾಮೇಜ್ ಆದಾಗ ಅಲ್ಲಿನ ಲೈಸಿನ್‌ಗಳಿಗೆ ಅಸಿಟೈಲ್ ಅಂಟುತ್ತದೆ, ಅದೂ ಹೀಗೇ ಮರೆಯಾಗುತ್ತದೆ. ಡಿಓ-12 ಅಥವಾ 46–55 ಹಿಡಿಯುವ ಪಿಎಬಿ1801 ವಾಸಿ.

ಡಾಕ್ಸೊ ಪ್ರಮಾಣವನ್ನೂ ಒಮ್ಮೆ ನೋಡಿ. 1 ಮೈಕ್ರೋಮೋಲಾರ್ ಈ ಕೋಶಕ್ಕೆ ಮೇಲಿನ ಅಂಚು. ಇನ್ನೂ ಏರಿಸಿದರೆ ಅದು ಟ್ರಾನ್ಸ್‌ಕ್ರಿಪ್ಷನ್ನನ್ನೇ ತಡೆಯುತ್ತದೆ. ಆಗ ಪಿ53 ಏರಿದ್ದರೂ ಪಿ21 ಏರುವುದಿಲ್ಲ, ‘ಪಿ53 ಕೆಲಸ ಮಾಡುತ್ತಿಲ್ಲ’ ಎಂಬ ತಪ್ಪು ಅರ್ಥ ಹೊರಡುತ್ತದೆ. 0.2, 0.5, 1 ಮೂರನ್ನೂ 8 ಗಂಟೆಯಲ್ಲಿ ನೋಡುವುದು 16 ಗಂಟೆಯ ಒಂದು ಪ್ರಮಾಣಕ್ಕಿಂತ ಹೆಚ್ಚು ತಿಳಿಸುತ್ತದೆ.

ಬಫರ್ ಭಟ್ಟ

ಪಾಲಿಕ್ಲೋನಲ್ ಮಾತು ಗೆಡ್ಡೆಗೆ ಹೊಂದುವುದಿಲ್ಲ, ಒಪ್ಪಿದೆ. ಉಳಿದ ಪ್ರಶ್ನೆಗಳಿಗೆ ನನ್ನ ಪಾಲು.

ಸಾಮಾನ್ಯ ಡಿಓ-1 ಬ್ಲಾಟಿಗೆ ಹಾಲೇ ಒಳ್ಳೆಯದು, ಹಿನ್ನೆಲೆ ಚೊಕ್ಕಟವಾಗಿ ಬರುತ್ತದೆ. ಫಾಸ್ಫೋ ಆಂಟಿಬಾಡಿಗೆ ಬಿಎಸ್‌ಎ. 1:1000 ಎನ್ನುವ ಸಂಖ್ಯೆಗೆ ಅರ್ಥವಿಲ್ಲ, ಸ್ಟಾಕ್ ಎಷ್ಟು ಎನ್ನುವುದರ ಮೇಲೆ ಹೋಗುತ್ತದೆ. ನಿಮ್ಮದು 200ರ ಸ್ಟಾಕ್, ಅಂದರೆ ಕೊನೆಗೆ ಮಿಲಿಲೀಟರಿಗೆ 0.2 ಮೈಕ್ರೋಗ್ರಾಂ, ಸರಿಯಾಗಿದೆ. ಇದೇ ಕ್ಲೋನ್ ಮಿಲಿಲೀಟರಿಗೆ 1 ಮಿಲಿಗ್ರಾಂ ಸ್ಟಾಕಿನಲ್ಲೂ ಬರುತ್ತದೆ. ಅದನ್ನು 1:1000 ಹಾಕಿದರೆ ಐದು ಪಟ್ಟು ಹೆಚ್ಚು. ನೋಟ್‌ಬುಕ್ಕಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲೇ ಬರೆದುಕೊಳ್ಳಿ.

ಮರುಬಳಕೆ ಮಾಡುವುದಾದರೆ ಹಾಲಿನಲ್ಲಿ ಬೇಡ, ನಮ್ಮ ಹವೆಗೆ ಹಾಲು ಎರಡೇ ದಿನಕ್ಕೆ ಹುಳಿ. 3% ಬಿಎಸ್‌ಎ ಮತ್ತು 0.02% ಸೋಡಿಯಂ ಅಜೈಡ್ ಹಾಕಿ 4 ಡಿಗ್ರಿಯಲ್ಲಿಟ್ಟರೆ ನಾಲ್ಕೈದು ಸಲ ಬರುತ್ತದೆ. ಆದರೆ ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಪ್ರೈಮರಿ ಆದ ಮೇಲೆ ಮೂರು ಸಲ, ಸಲಕ್ಕೆ 10 ನಿಮಿಷ ತೊಳೆಯದೆ ಸೆಕೆಂಡರಿಗೆ ಹೋಗಬೇಡಿ, ಸೆಕೆಂಡರಿ ದ್ರಾವಣಕ್ಕಂತೂ ಅಜೈಡ್ ಸೋಕಿಸಲೇಬೇಡಿ. ಎಚ್‌ಆರ್‌ಪಿ ಜೋಡಿಸಿದ ಡಿಓ-1 ತರಿಸಿದರೆ ಅದಕ್ಕೂ ಇದೇ ನಿಯಮ. ಅಳತೆ ಮಾಡಿ ಹೋಲಿಸುವ ಬ್ಲಾಟಿಗೆ ಪ್ರತಿ ಸಲ ಹೊಸ ಡೈಲ್ಯೂಷನ್ನೇ ಇರಲಿ.

ಸ್ಟಾಕ್ ಫ್ರಿಜ್ಜಿನ 4 ಡಿಗ್ರಿಯಲ್ಲಿರಲಿ, ಫ್ರೀಜರಿಗೆ ಹಾಕಬೇಡಿ. 50% ಗ್ಲಿಸರಾಲ್ ಇರುವ ಸ್ಟಾಕ್ ಆದರೆ -20ಕ್ಕೆ ನಡೆಯುತ್ತದೆ, ಅದು ಗಡ್ಡೆ ಕಟ್ಟುವುದಿಲ್ಲ. ಇನ್ನು ‘ರೂಮ್ ಟೆಂಪರೇಚರ್ 1 ಗಂಟೆ’ ಎಂದು ಪ್ರೋಟೋಕಾಲ್ ಹೇಳುವುದು 22 ಡಿಗ್ರಿ ಮನಸ್ಸಿನಲ್ಲಿಟ್ಟು. ಏಪ್ರಿಲ್‌ನ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಎಸಿ ಇಲ್ಲದ ಕೋಣೆ 32 ದಾಟುತ್ತದೆ, ಹಿನ್ನೆಲೆ ಏರುತ್ತದೆ, ಟ್ರಾನ್ಸ್‌ಫರ್ ಟ್ಯಾಂಕ್ ಬಿಸಿಯಾಗಿ ಜೆಲ್ ಮೆತ್ತಗಾಗುತ್ತದೆ. ಟ್ಯಾಂಕಿಗೆ ಐಸ್ ಬ್ಲಾಕ್ ಹಾಕಿ, ಅರ್ಧಕ್ಕೆ ಬದಲಿಸಿ.

ಆಕ್ಟಿನ್ ಬಗ್ಗೆ: ಅದು 42ರಲ್ಲಿ ಓಡುತ್ತದೆ, ಪಿ53ಗೆ ತೀರಾ ಹತ್ತಿರ, ಕತ್ತರಿಸಿ ಬೇರೆ ಮಾಡಲಾಗದು. ಡಿಓ-1 ಆದ ಮೇಲೆ ಅದೇ ತುಂಡಿಗೆ ಇಲಿಯ ಆಂಟಿ-ಆಕ್ಟಿನ್ ಕೊಟ್ಟರೆ ಹಳೆಯ ಪಿ53 ಬ್ಯಾಂಡ್ ಮೇಲೆ ನೆರಳಿನ ಹಾಗೆ ಉಳಿದಿರುತ್ತದೆ. ಸ್ಟ್ರಿಪ್ಪಿಂಗ್ ಮಾಡಿದರೆ ಪ್ರೋಟೀನೂ ಒಂದಷ್ಟು ಹೋಗುತ್ತದೆ. ಮೆಂಬ್ರೇನನ್ನು 75 ಮತ್ತು 30ರ ಗುರುತಿನಲ್ಲಿ ಅಡ್ಡ ಕತ್ತರಿಸಿ: ಮೇಲೆ ವಿನ್‌ಕ್ಯುಲಿನ್, 117ರಲ್ಲಿ, ನಡುವೆ ಪಿ53, ಕೆಳಗೆ ಪಿ21. ಮೂರಕ್ಕೂ ಒಟ್ಟಿಗೆ ಆಂಟಿಬಾಡಿ, ಸ್ಟ್ರಿಪ್ಪಿಂಗೇ ಬೇಡ. ಬೇರೆ ಬೇರೆ ಕೋಶ ಸಾಲುಗಳ ನಡುವೆ ಪಿ53 ಕೂದಲೆಳೆ ಮೇಲೆ ಕೆಳಗೆ ಕಂಡರೆ ಗಾಬರಿ ಬೇಡ. 72ನೇ ಜಾಗದಲ್ಲಿ ಅರ್ಜಿನಿನ್ ಇರುವ ರೂಪ ಪ್ರೋಲಿನ್ ಇರುವುದಕ್ಕಿಂತ ತುಸು ಬೇಗ ಓಡುತ್ತದೆ.

ಮೈಕ್ರೋಟೋಮ್

ಗೆಡ್ಡೆಯ ತುಂಡು ಪ್ಯಾರಾಫಿನ್‌ನಲ್ಲಿ ಉಳಿದಿದ್ದರೆ ಸ್ಲೈಡ್ ಮೇಲೂ ನೋಡಿ, ಯಾವ ಕೋಶದಲ್ಲಿ ಎಷ್ಟಿದೆ ಎಂದು ಬ್ಲಾಟ್ ಹೇಳುವುದಿಲ್ಲ. ಡಿಓ-7 ಬಳಸಿ, ಅದೂ ಎನ್-ತುದಿಯದೇ, ಪೆಥಾಲಜಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಟ್ರಿಸ್-ಇಡಿಟಿಎ ಪಿಎಚ್ 9, 97 ಡಿಗ್ರಿ, 20 ನಿಮಿಷ ರಿಟ್ರೀವಲ್ (ಮುಚ್ಚಿಹೋದ ಎಪಿಟೋಪ್ ತೆರೆಯಲು ಬಿಸಿ ಮಾಡುವುದು). ಬಣ್ಣ ನ್ಯೂಕ್ಲಿಯಸ್ಸಿನಲ್ಲಿ ಇರಬೇಕು, ಕೋಶಗಳ ನಡುವೆ ಕಂದು ಹೊಗೆಯಂತೆ ಹರಡಿದ್ದರೆ ಅದು ಮತ್ತೆ ಇಲಿಯ ಐಜಿಜಿಯೇ. ಇಲ್ಲೂ ಸೆಕೆಂಡರಿ ಮಾತ್ರದ ಸ್ಲೈಡ್ ಬೇಕು, ಮತ್ತು ಪ್ರೈಮರಿಗೆ ಮುಂಚೆ ಆಂಟಿ-ಮೌಸ್ ಫ್ಯಾಬ್ ತುಣುಕುಗಳಿಂದ ಒಂದು ಗಂಟೆ ಬ್ಲಾಕ್. ಎಚ್‌ಸಿಟಿ116ರ ಪಿ53ರಲ್ಲಿ ಮ್ಯೂಟೇಷನ್ ಇಲ್ಲದ್ದರಿಂದ ಕೆಲವು ನ್ಯೂಕ್ಲಿಯಸ್ ಗಾಢ, ಕೆಲವು ತೆಳು, ಕೆಲವು ಖಾಲಿ ಹೀಗೆ ಮಿಶ್ರವಾಗಿ ಬರುತ್ತದೆ. ಎಲ್ಲವೂ ಒಂದೇ ಸಮ ಕಪ್ಪಾಗಿ ಬಂದರೆ ಡಿಎಬಿ (ಕಂದು ಬಣ್ಣ ಕೊಡುವ ದ್ರಾವಣ) ಹೆಚ್ಚು ಹೊತ್ತು ಬಿಟ್ಟಿದ್ದೀರಿ, ಇಲ್ಲವೇ ಕೋಶದ ಸಾಲೇ ಅದಲ್ಲ. ಎಸ್‌ಟಿಆರ್ ಪ್ರೊಫೈಲ್ (ಡಿಎನ್‌ಎಯಿಂದ ಕೋಶದ ಸಾಲಿನ ಗುರುತು ಪತ್ತೆ) ಮಾಡಿಸಿ.